ನಾಲ್ಕು ಬೀಪ್ ಬೇರೆ, ಒಂದು ಬೀಪ್ ಬೇರೆ
ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರ್ (ವಾಸನೆಯೇ ಇಲ್ಲದ ಆ ವಿಷಾನಿಲ ಮನೆಯಲ್ಲಿ ತುಂಬಿದರೆ ಕೂಗಿ ಎಚ್ಚರಿಸುವ ಸಾಧನ) ಕೂಗಿದರೆ ಮೊದಲು ಬ್ಯಾಟರಿ ನೋಡಿ ಅಂತ ಬರೆದಿದ್ದೀರಿ. ಅದೊಂದು ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಮೊದಲು ಎಷ್ಟು ಸಲ ಕೂಗಿತು ಅಂತ ಕೇಳಿಸಿಕೊಳ್ಳಬೇಕು. ನಾವಿರುವ ಅಮೆರಿಕದಲ್ಲಿ ನಾಲ್ಕು ಬೀಪ್, ಸ್ವಲ್ಪ ಬಿಡುವು, ಮತ್ತೆ ನಾಲ್ಕು ಬೀಪ್ ಬಂದರೆ ಗಾಳಿಯಲ್ಲಿ ವಿಷ ಇದೆ ಅಂತ. ಆಗ ಏಣಿ ಹುಡುಕುತ್ತಾ ನಿಲ್ಲಬಾರದು. ಎಲ್ಲರೂ ಹೊರಗೆ ಬಂದು ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಬೇಕು. ನಿಮಿಷಕ್ಕೊಮ್ಮೆ ಒಂದೇ ಚಿಕ್ಕ ಬೀಪ್ ಬಂದರೆ ಸಾಮಾನ್ಯವಾಗಿ ಬ್ಯಾಟರಿ ಕತೆ.

ಅದೂ ಯಾವಾಗಲೂ ಅಲ್ಲ. ಹೋದ ಚಳಿಗಾಲದಲ್ಲಿ ರಾತ್ರಿ ಎರಡು ಗಂಟೆಗೆ ನಮ್ಮದು ಶುರುವಾಯಿತು (ಇವು ಹಗಲು ಹೊತ್ತು ಕೂಗುವುದೇ ಇಲ್ಲ, ಅಲ್ವಾ?). ಹೊಸ ಬ್ಯಾಟರಿ ಹಾಕಿದರೂ ನಿಲ್ಲಲಿಲ್ಲ. ಹಿಂದೆ ತಿರುಗಿಸಿ ನೋಡಿದರೆ ತಯಾರಾದ ವರ್ಷ 2014! ಸೆನ್ಸರ್ ಆಯಸ್ಸೇ ಮುಗಿದಿತ್ತು. ಮಾಡೆಲ್ ನೋಡಿಕೊಂಡು 5ರಿಂದ 10 ವರ್ಷ, ಅಷ್ಟೇ.

ಇನ್ನೊಂದು ವಿಷಯ. ಅನಿಲ 400 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 400 ಭಾಗ) ಇದ್ದರೆ 4ರಿಂದ 15 ನಿಮಿಷದಲ್ಲಿ ಕೂಗುತ್ತದೆ. 70 ಇದ್ದರೆ 1ರಿಂದ 4 ಗಂಟೆ ಬೇಕು. ಹಾಗಾಗಿ ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಡಿಟೆಕ್ಟರ್ ಸುಮ್ನೆ ಇದೆ ಅಂತ ಕಾಯಬೇಡಿ. ಗ್ಯಾಸ್ ಗೀಸರ್‌ನಿಂದಲೂ ಇದೇ ಅನಿಲ ಬರಬಹುದು ಅಂತ ಊರಲ್ಲಿ ಅಮ್ಮನ ಬಚ್ಚಲುಮನೆಯ ಗೀಸರ್ ಅನ್ನು ಈ ಸಲ ಹೊರಗಿನ ಗೋಡೆಗೆ ಹಾಕಿಸಿದೆ.