ಟರ್ಬೊ ಎಲ್ಲರಿಗೂ ಬೇಕಾಗಿಲ್ಲ

ಮನೆಮಂದಿಗೆಲ್ಲ ಆಗಲಿ ಅಂತ ಕಾಂಪ್ಯಾಕ್ಟ್ ಎಸ್‌ಯುವಿ ನೋಡುತ್ತಿರುವವರು ಟರ್ಬೊ ಅನ್ನುವ ಹೆಸರಿಗೇ ಮರುಳಾಗಬೇಡಿ. ಚಿಕ್ಕಬಳ್ಳಾಪುರದಂಥ ಊರಿನ ಹೆಚ್ಚಿನ ಕುಟುಂಬಗಳಿಗೆ ಟರ್ಬೊ ಇಲ್ಲದ 1.5 ಲೀಟರ್ ಪೆಟ್ರೋಲ್ ಎಂಜಿನ್ನೇ ಸರಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಟರ್ಬೊ ಬಲ ಸುಳ್ಳಲ್ಲ. ಎಂಜಿನ್ ಹೊರಗೆ ಬಿಡುವ ಹೊಗೆಯ ರಭಸಕ್ಕೆ ಪುಟ್ಟ ಚಕ್ರವೊಂದು ತಿರುಗಿ, ಗಾಳಿಯನ್ನು ಒತ್ತಿ ಸಿಲಿಂಡರ್‌ಗೆ ತುಂಬುತ್ತದೆ. ಹುಂಡೈ ವೆನ್ಯೂನ 1.2 ಲೀಟರ್ ನಾರ್ಮಲ್, ಅಂದರೆ ಟರ್ಬೊ ಇಲ್ಲದ ಎಂಜಿನ್‌ಗೆ 114 ನ್ಯೂಟನ್ ಮೀಟರ್ ಟಾರ್ಕ್ (ಗಾಡಿ ಎಳೆಯುವ ತಿರುಚು ಬಲ), ಅದೂ 4000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಮುಟ್ಟಿದ ಮೇಲೆ. ಅದೇ ಕಾರಿನ 1.0 ಲೀಟರ್ ಟರ್ಬೊದಲ್ಲಿ 1500 ಆರ್‌ಪಿಎಂನಿಂದಲೇ 172. ಚಿಂತಾಮಣಿ ಕಡೆ ಟೊಮೆಟೊ ಕ್ರೇಟ್ ಹೇರಿಕೊಂಡ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ನಮ್ಮ ಊರಿನ ಎತ್ತರವೂ ಟರ್ಬೊ ಪರವೇ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ, ನಂದಿ ಬೆಟ್ಟದ ತುದಿ 1478 ಮೀಟರ್. ಮೇಲೆ ಹೋದಷ್ಟೂ ಗಾಳಿ ತೆಳು. ನಾರ್ಮಲ್ ಎಂಜಿನ್ ಪ್ರತಿ 100 ಮೀಟರ್‌ಗೆ ಹೆಚ್ಚುಕಮ್ಮಿ ಶೇಕಡ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಐದು ಜನ ಕೂತು, ಎಸಿ ಹಾಕಿಕೊಂಡು ನಂದಿ ತಿರುವು ಹತ್ತುವಾಗ 1.2 ಎಂಜಿನ್ ಏದುಸಿರು ಬಿಡುತ್ತದೆ. ಎರಡನೇ ಗೇರಿನಲ್ಲೇ ಕಿರುಚುತ್ತಾ ಹೋಗುತ್ತದೆ, ಹಿಂದೆ ಕೂತ ಅಮ್ಮ "ಗಾಡಿಗೆ ಏನಾದ್ರೂ ಆಯ್ತಾ" ಅಂತ ಕೇಳುತ್ತಾರೆ. ಅದಕ್ಕೇ ನಾನು 1.2 ಅನ್ನುತ್ತಿಲ್ಲ, 1.5 ಅನ್ನುತ್ತಿದ್ದೇನೆ. ಹೋಂಡಾ ಎಲಿವೇಟ್, ಹುಂಡೈ ಕ್ರೆಟಾದ ನಾರ್ಮಲ್ 1.5 ಪೆಟ್ರೋಲ್ ಎರಡರಲ್ಲೂ ಸುಮಾರು 145 ನ್ಯೂಟನ್ ಮೀಟರ್ ಇದೆ. ಒಂದು ಗೇರ್ ಇಳಿಸಿದರೆ ಸಾಕು, ಎಳೆಯುತ್ತದೆ.

1.5ಕ್ಕೆ ತೆರಿಗೆ ಜಾಸ್ತಿ, ಅದು ನಿಜ. ನಾಲ್ಕು ಮೀಟರ್ ಒಳಗಿನ, 1200 ಸಿಸಿ (1.2 ಲೀಟರ್) ಮೀರದ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ ಶೇಕಡ 18, ಅದಕ್ಕಿಂತ ದೊಡ್ಡದಕ್ಕೆ 40. ಚಿಕ್ಕ ಎಸ್‌ಯುವಿಗಳಲ್ಲಿ 1.0, 1.2 ಟರ್ಬೊ ಇಷ್ಟೊಂದು ಕಾಣುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ಆದರೂ ನಾನು 1.5 ಅನ್ನುವುದು ಕಾರು ಹತ್ತು ವರ್ಷ ಇಟ್ಟುಕೊಳ್ಳುವವರನ್ನು ನೆನೆದು. ಟರ್ಬೊ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ. ಅದರ ಶಾಫ್ಟ್ ನಿಂತಿರುವುದು ತೆಳ್ಳನೆಯ ಆಯಿಲ್ ಪದರದ ಮೇಲೆ, ಪಕ್ಕದಲ್ಲೇ ಕೆಂಡದಂಥ ಹೊಗೆ. ಆಯಿಲ್ ಹಾಳಾದರೆ ಟರ್ಬೊ ಹಾಳು. ನಮ್ಮಲ್ಲಿ ಬಹಳ ಮನೆಗಳಲ್ಲಿ ಕಾರು ಓಡುವುದು ಹೇಗೆ? ಬೆಳಿಗ್ಗೆ ಸ್ಕೂಲು, ಆಮೇಲೆ ಮಾರ್ಕೆಟ್, ಸಂಜೆ ಬಸ್ ಸ್ಟ್ಯಾಂಡ್. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್. ಇಂಥ ಓಡಾಟದಲ್ಲಿ ಆಯಿಲ್ ಬೇಗ ಕೆಡುತ್ತದೆ. "ಓಡಿಸಿರೋದೇ ಕಮ್ಮಿ, ಸರ್ವೀಸ್ ಆಮೇಲೆ ನೋಡೋಣ" ಅಂತ ತಿಂಗಳುಗಟ್ಟಲೆ ಮುಂದೂಡುವವರೂ ಇವರೇ. ನಾರ್ಮಲ್ ಎಂಜಿನ್ ಈ ಅಸಡ್ಡೆಯನ್ನು ತಕ್ಕಮಟ್ಟಿಗೆ ಸಹಿಸಿಕೊಳ್ಳುತ್ತದೆ. ಟರ್ಬೊ ಸಹಿಸುವುದಿಲ್ಲ, ರಿಪೇರಿ ಬಿಲ್ಲೂ ಸಣ್ಣದಲ್ಲ.

ಬಾಗೇಪಲ್ಲಿ ದಾಟಿ ಹೈದರಾಬಾದ್ ಕಡೆಗೆ ತುಂಬಿದ ಗಾಡಿಯಲ್ಲಿ ಪದೇ ಪದೇ ಹೋಗುವವರು ಮಾತ್ರ ಟರ್ಬೊನೇ ತಗೊಳ್ಳಿ, ನಿಮಗೆ ಅದು ಬೇಕು. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಯಿಸಿ. ಬೆಟ್ಟ ಹತ್ತಿ ನಿಲ್ಲಿಸಿದ ಮೇಲೆ ಒಂದು ನಿಮಿಷ ಎಂಜಿನ್ ಸುಮ್ನೆ ಓಡಲು ಬಿಡಿ, ಆಮೇಲೆ ಆಫ್ ಮಾಡಿ. ಉಳಿದವರು ಟೆಸ್ಟ್ ಡ್ರೈವ್‌ಗೆ ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗಿ. ಹೈವೇ ಬಿಟ್ಟು ಏರು ರಸ್ತೆಯಲ್ಲಿ, ಎಸಿ ಹಾಕಿಯೇ ಓಡಿಸಿ ನೋಡಿ.