ಟೋಪಿ ಹಾಕಿದವರಿಗೆ ಮೂರೂವರೆ ಸ್ಟಾರ್

ಹಳೇ ಕಾಲದ ಕ್ರೈಮ್ ಸೀರೀಸ್ ಒಂದು ಬಂತು ಅಂದರೆ ಅದರ ವಿಮರ್ಶೆ ಹೇಗಿರುತ್ತದೆ ಅಂತ ಓದದೆಯೇ ಹೇಳಬಹುದು. ಮೊದಲ ಪ್ಯಾರಾ ನಾಯಕನ ಕೋಟಿಗೆ. ಎರಡನೆಯದು ಟೋಪಿಗೆ. ಮೂರನೆಯದು ಹೊಗೆಗೆ. ಕಾರ್ಖಾನೆಯ ಹೊಗೆ, ಸಿಗರೇಟಿನ ಹೊಗೆ, ಎರಡೂ ‘ಕಣ್ಣಿಗೆ ಹಬ್ಬ’. ಅಷ್ಟು ಹೊತ್ತಿಗೆ ತೆರೆಯ ಮೇಲೆ ಮೂರು ಹೆಣ ಬಿದ್ದಿರುತ್ತವೆ. ಪಾಪ, ಅವುಗಳಿಗೆ ಕೊನೆಯಲ್ಲಿ ಒಂದು ಸಾಲು ಸಿಗುತ್ತದೆ: ‘ನಿರೂಪಣೆ ಇನ್ನಷ್ಟು ಬಿಗಿಯಾಗಿರಬಹುದಿತ್ತು.’

ಇದೇ ಕೊಲೆಯನ್ನು ಇವತ್ತಿನ ಟೀ ಶರ್ಟ್ ಹಾಕಿಕೊಂಡವನು ಮಾಡಿದ ಅಂದ್ಕೊಳ್ಳಿ. ‘ಹಿಂಸೆಯ ವೈಭವೀಕರಣ’ ಅಂತ ವಿಮರ್ಶಕರು ಮುಖ ಸಿಂಡರಿಸುತ್ತಾರೆ. ಉಣ್ಣೆಯ ಕೋಟು, ಜೇಬಿಗೆ ಸರಪಳಿ ಗಡಿಯಾರ ಸಿಕ್ಕಿಸಿಕೊಂಡು ಮಾಡಿದರೆ ಅದು ‘ಯುದ್ಧದಲ್ಲಿ ನಲುಗಿದ ಒಂದು ತಲೆಮಾರಿನ ನೋವು’. ಕೊಲೆ ಅದೇ, ದರ್ಜಿ ಬೇರೆ.

‘ಪೀಕಿ ಬ್ಲೈಂಡರ್ಸ್’ ಅನ್ನುವ ಬ್ರಿಟಿಷ್ ಸೀರೀಸನ್ನೇ ನೋಡಿ. 2013ರ ಸೆಪ್ಟೆಂಬರಿನಲ್ಲಿ ಬಿಬಿಸಿ ಟೂನಲ್ಲಿ ಶುರುವಾಯಿತು. ಕತೆ 1919ರ ಬರ್ಮಿಂಗ್‌ಹ್ಯಾಮಿನದು. ಆ ಹೆಸರಿನ ಗ್ಯಾಂಗ್ ನಿಜಕ್ಕೂ ಇತ್ತು. ಆದರೆ ಅವರು ಬೀದಿಯಲ್ಲಿ ಮೆರೆದದ್ದು 1890ರ ದಶಕದಲ್ಲಿ. ಟೋಪಿಯ ಅಂಚಿಗೆ ಬ್ಲೇಡ್ ಹೊಲಿದುಕೊಂಡು ಓಡಾಡುತ್ತಿದ್ದರು ಅನ್ನುವುದನ್ನು ಬರ್ಮಿಂಗ್‌ಹ್ಯಾಮಿನ ಇತಿಹಾಸಕಾರ ಕಾರ್ಲ್ ಚಿನ್ ಒಪ್ಪುವುದಿಲ್ಲ. ಬಳಸಿ ಬಿಸಾಡುವ ಜಿಲೆಟ್ ಬ್ಲೇಡ್ ಮಾರಾಟಕ್ಕೆ ಬಂದದ್ದೇ 1903ರಲ್ಲಿ. ತುತ್ತು ಅನ್ನಕ್ಕೆ ಪರದಾಡುವ ಗಲ್ಲಿ ಹುಡುಗರು ಅಂಥ ಹೊಸ ಸಾಮಾನನ್ನು ಟೋಪಿಗೆ ಹೊಲಿದುಕೊಳ್ಳುತ್ತಾರಾ? ಆದರೂ ಸೀರೀಸಿನಲ್ಲಿ ಬ್ಲೇಡ್ ಹೊಳೆಯುತ್ತದೆ, ವಿಮರ್ಶೆಯಲ್ಲಿ ‘ಕಾಲದ ಅಧಿಕೃತತೆ’ ಹೊಳೆಯುತ್ತದೆ. ಗ್ಯಾಂಗನ್ನೇ ಎತ್ತಿ ಇಪ್ಪತ್ತು ಮೂವತ್ತು ವರ್ಷ ಮುಂದಕ್ಕೆ ತಂದಿಟ್ಟರೆ ಅದಕ್ಕೆ ಕಲಾವಿದನ ಸ್ವಾತಂತ್ರ್ಯ ಅಂತ ಹೆಸರು.

ಇನ್ನು ‘ನಗರವೇ ಇಲ್ಲಿ ಒಂದು ಪಾತ್ರ’ ಅನ್ನುವ ಸಾಲು. ಈ ಸಾಲಿಲ್ಲದ ವಿಮರ್ಶೆಯನ್ನು ಸಂಪಾದಕರು ತೆಗೆದುಕೊಳ್ಳುವುದೇ ಇಲ್ಲ ಅಂತ ನನ್ನ ಗುಮಾನಿ. ಈ ಬರ್ಮಿಂಗ್‌ಹ್ಯಾಮ್ ಪಾತ್ರ ಮಾಡಿದ್ದು ಯಾರು ಗೊತ್ತಾ? ಹೆಚ್ಚಾಗಿ ಲಿವರ್‌ಪೂಲ್, ಲೀಡ್ಸ್, ಜೊತೆಗೆ ಡಡ್ಲಿಯ ಒಂದು ಬಯಲು ಮ್ಯೂಸಿಯಂ. ಅಂದರೆ ಬರ್ಮಿಂಗ್‌ಹ್ಯಾಮಿಗೆ ಹೆಸರು ಬಂತು, ದುಡಿದದ್ದು ಡೂಪು. ಅತ್ತ ಅಮೆರಿಕದ ಅಟ್ಲಾಂಟಿಕ್ ಸಿಟಿಯದೂ ಇದೇ ಗತಿ. ‘ಬೋರ್ಡ್‌ವಾಕ್ ಎಂಪೈರ್’ ಸೀರೀಸ್ ತೆಗೆಯುವಾಗ ಅಲ್ಲಿನ ಪ್ರಸಿದ್ಧ ಹಲಗೆ ಹಾದಿಯನ್ನು ಬ್ರೂಕ್ಲಿನ್‌ನ ಖಾಲಿ ಜಾಗದಲ್ಲಿ ಕಟ್ಟಿದರು, ಸಮುದ್ರವನ್ನು ಕಂಪ್ಯೂಟರಿನಲ್ಲಿ ಸುರಿದರು. ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶಿಸಿದ ಮೊದಲ ಕಂತೊಂದಕ್ಕೇ ಸುಮಾರು 1.8 ಕೋಟಿ ಡಾಲರ್ ಖರ್ಚಾಯಿತು ಅಂತ ಆಗ ವರದಿಯಾಗಿತ್ತು. ಇಷ್ಟು ದುಡ್ಡು ಸುರಿದ ಮೇಲೆ ಕತೆ ನಿಧಾನ ಅನ್ನಲಿಕ್ಕೆ ಯಾರಿಗಾದರೂ ಬಾಯಿ ಬರುತ್ತಾ? ‘ಸಾವಧಾನದಿಂದ ಅರಳುವ ಕಥನ’ ಅನ್ನಬೇಕು. ಬಜೆಟ್ ಕಮ್ಮಿ ಇದ್ದರೆ ಅದೇ ‘ಎಳೆದಾಟ’.

ಪೀಕಿಯವರ ಮಾತಿನ ಧಾಟಿಯ ಮೇಲೂ ಶುರುವಿನಲ್ಲಿ ಆ ಊರಿನವರಿಂದಲೇ ದೂರು ಬಂದಿತ್ತು, ಇದು ನಮ್ಮೂರಿನ ಇಂಗ್ಲಿಷೇ ಅಲ್ಲ ಅಂತ. 1919ರ ಬೀದಿಯಲ್ಲಿ ಕುದುರೆ ನಡೆಯುವಾಗ ಹಿನ್ನೆಲೆಯಲ್ಲಿ 1994ರ ರಾಕ್ ಹಾಡು. ಸೀರೀಸ್ ಓಡದಿದ್ದರೆ ಇದು ಎಡವಟ್ಟು. ಓಡಿತು, ಹಾಗಾಗಿ ದಿಟ್ಟ ಪ್ರಯೋಗ. ಬ್ರಿಟನ್ನಿನ ಸಿನಿಮಾ ಟೀವಿ ಅಕಾಡೆಮಿ ಬಾಫ್ಟಾದವರು ಅತ್ಯುತ್ತಮ ಡ್ರಾಮಾ ಸೀರೀಸ್ ಅಂತ ಪ್ರಶಸ್ತಿ ಕೊಟ್ಟದ್ದು 2018ರಲ್ಲಿ, ನಾಲ್ಕು ಸೀಸನ್ ಮುಗಿದ ಮೇಲೆ. ಅಷ್ಟರಲ್ಲಿ ಊರೂರಿನ ಹುಡುಗರು ಪೀಕಿಯವರ ಹಾಗೆ ಕಿವಿಯ ಮೇಲಿನ ಕೂದಲು ಬೋಳಿಸಿಕೊಂಡು ತೀರ್ಪು ಕೊಟ್ಟಾಗಿತ್ತು.

ಇದೆಲ್ಲ ಬರೀ ಮಾತಿನಲ್ಲಿದ್ದಿದ್ದರೆ ಪರವಾಗಿಲ್ಲ ಅಂತ ಸುಮ್ನಿರಬಹುದಿತ್ತು. ಆದರೆ ಈಗ ಎಲ್ಲವೂ ಶೇಕಡಾ ಲೆಕ್ಕ, ವಿಮರ್ಶೆಗಳನ್ನು ಒಟ್ಟುಹಾಕುವ ವೆಬ್‌ಸೈಟುಗಳದು. ರಾಟನ್ ಟೊಮ್ಯಾಟೋಸ್‌ನಲ್ಲಿ 95 ಅಂತ ಕಂಡರೆ ಜನ ಅದನ್ನು ನೂರಕ್ಕೆ 95 ಅಂಕ ಅಂದುಕೊಳ್ಳುತ್ತಾರೆ, ಮಗು ಪರೀಕ್ಷೆ ಬರೆದು ಬಂದ ಹಾಗೆ. ಅದು ಅಂಕವಲ್ಲ ಸ್ವಾಮಿ. ನೂರು ವಿಮರ್ಶಕರಲ್ಲಿ ತೊಂಬತ್ತೈದು ಜನ ‘ಆಯ್ತು, ನೋಡಬಹುದು’ ಅಂದರು, ಅಷ್ಟೆ. ನೂರಕ್ಕೆ ನೂರು ಜನ ಆಕಳಿಸುತ್ತಾ ‘ಪರವಾಗಿಲ್ಲ’ ಅಂದರೆ ಅದು ಶೇಕಡಾ 100. ಐವತ್ತು ಜನ ‘ಇಂಥದ್ದನ್ನು ಹುಟ್ಟಿದಾಗಿನಿಂದ ನೋಡಿಲ್ಲ’ ಅಂತ ಕಣ್ಣೀರಿಟ್ಟು, ಉಳಿದ ಐವತ್ತು ಜನ ಎದ್ದು ಹೋದರೆ ಅದು 50. ಮೊದಲನೆಯದಕ್ಕೆ ಕೆಂಪು ಟೊಮ್ಯಾಟೊ. ಎರಡನೆಯದಕ್ಕೆ, 60ಕ್ಕಿಂತ ಕೆಳಗೆ ಬಿದ್ದ ತಪ್ಪಿಗೆ, ಗೋಡೆಗೆ ಎಸೆದು ರಾಚಿದ ಹಸಿರು ಕಲೆ. ಯಾರಿಗೂ ಬೇಜಾರು ಮಾಡದ ಪೇಲವ ಸೀರೀಸಿಗೆ ಇದಕ್ಕಿಂತ ಒಳ್ಳೆಯ ಕಾಲ ಬರಲಿಕ್ಕಿಲ್ಲ. ಅಂಥದ್ದೇ ಇನ್ನೊಂದು ವೆಬ್‌ಸೈಟು ಮೆಟಾಕ್ರಿಟಿಕ್‌ನವರು ಸರಾಸರಿಯನ್ನೇನೋ ತೆಗೆಯುತ್ತಾರೆ, ಕೆಲವು ವಿಮರ್ಶಕರಿಗೆ ತೂಕ ಜಾಸ್ತಿ ಕೊಟ್ಟು. ಯಾರಿಗೆ ಎಷ್ಟು ತೂಕ ಅನ್ನುವುದು ಗುಟ್ಟು. ತಕ್ಕಡಿ ನಮ್ಮ ಮುಂದೆ, ಕಲ್ಲು ಮೇಜಿನ ಕೆಳಗೆ!

ಆ ನೂರು ಜನರಾದರೂ ಪೂರ್ತಿ ನೋಡಿರುತ್ತಾರಾ ಅಂದರೆ, ಅದೂ ಅನುಮಾನ. ಪ್ರಸಾರಕ್ಕೆ ಮುಂಚೆ ಚಾನೆಲ್‌ನವರು ವಿಮರ್ಶಕರಿಗೆ ಎಷ್ಟೋ ಸಲ ಮೊದಲ ಕೆಲವು ಕಂತುಗಳನ್ನಷ್ಟೇ ಕಳಿಸುತ್ತಾರೆ. ಪತ್ತೇದಾರಿ ಕತೆಯ ತಪ್ಪು ಒಪ್ಪುಗಳೆಲ್ಲ ಇರುವುದು ಕೊನೆಯ ಕಂತಿನಲ್ಲಿ, ಅಲ್ವಾ? ಕೊಲೆಗಾರ ಸಿಕ್ಕಿಬೀಳುವ ದಾರಿ ಸರಿಯಾಗಿದೆಯಾ, ಎರಡನೇ ಕಂತಿನಲ್ಲಿ ಬಿಟ್ಟ ಸುಳಿವು ಎಲ್ಲಿಗೆ ಹೋಗಿ ಮುಟ್ಟಿತು, ಇದನ್ನು ನೋಡದೆ ಕ್ರೈಮ್ ಕತೆಗೆ ಮಾರ್ಕು ಹಾಕುವುದು ಹೇಗೆ? ಹಾಕುತ್ತಾರೆ. ಕೋಟು ಮೊದಲ ಕಂತಿನಲ್ಲೇ ಇರುತ್ತದಲ್ಲ. ಕೊನೆಯ ಕಂತು ಕೈಕೊಟ್ಟರೆ ಅದನ್ನು ಬೈಯಲು ಬೇರೆ ಲೇಖನ ಇದ್ದೇ ಇದೆ, ‘ಎಲ್ಲಿ ಎಡವಿತು?’ ಅಂತ. ಬರೆಯುವವರು ಅವರೇ.

ಒಂದು ಪತ್ರಿಕಾ ಕಚೇರಿಯನ್ನು ಸುಮ್ನೆ ಕಲ್ಪಿಸಿಕೊಳ್ಳಿ. ಪುಟ ಮುಗಿಸುವ ಹೊತ್ತು. ಸಂಪಾದಕರ ಫೋನು.

‘ಏನ್ರೀ, ಆ ಸೀರೀಸಿನ ವಿಮರ್ಶೆ ಎಲ್ಲಿ?’

‘ಎರಡೇ ಕಂತು ಕಳಿಸಿದ್ದಾರೆ ಸರ್. ಒಟ್ಟು ಎಂಟಿವೆಯಂತೆ.’

‘ಎರಡು ಸಾಕಲ್ವಾ? ಮಳೆ ಇದೆಯಾ?’

‘ಇದೆ ಸರ್. ಕಲ್ಲು ಹಾಸಿನ ರಸ್ತೆ, ಗ್ಯಾಸ್ ದೀಪ, ಎಲ್ಲ ಇದೆ. ಆದರೆ ಕೊಲೆ ಯಾರು ಮಾಡಿದ್ದು ಅಂತ ಇನ್ನೂ ಗೊತ್ತಾಗಿಲ್ಲ.’

‘ಗೊತ್ತಾದರೂ ಬರೆಯೋ ಹಾಗಿಲ್ಲ ಬಿಡ್ರಿ, ಸ್ಪಾಯ್ಲರ್ ಆಗುತ್ತೆ. ಸ್ಟಾರ್ ಎಷ್ಟು ಹಾಕಲಿ?’

‘ಮೂರೂವರೆ ಹಾಕಿ ಸರ್.’

‘ನಾಲ್ಕು ಅಂತಿದ್ರಲ್ಲ ಬೆಳಿಗ್ಗೆ?’

‘ಹೆಣದ ಕೋಟಿನಲ್ಲಿ ಒಂದು ಗುಂಡಿ ಆ ಕಾಲದ್ದಲ್ಲ ಸರ್. ಅದಕ್ಕೆ ಅರ್ಧ ಕಟ್ ಮಾಡಿದೆ.’