ಕಟ್ಟಬೇಕಿಲ್ಲ, ಆದರೆ ಚೀಟಿ ಎಲ್ಲಿ?

2025ರ ಮೇ ತಿಂಗಳು, ಒಂದು ಶನಿವಾರ. ಯುರೋಪ್ ಪ್ರವಾಸದ ಮೊದಲ ದಿನ. ಬೆಳಗ್ಗೆ ಹತ್ತರ ಹೊತ್ತಿಗೆ ನಾನು, ನನ್ನ ಹೆಂಡತಿ ವೆನಿಸ್‌ನ ಸಾಂತಾ ಲೂಚಿಯಾ ಸ್ಟೇಷನ್ನಿನಲ್ಲಿ ಇಳಿದೆವು. ರೂಮು ಸಿಗೋದು ಮಧ್ಯಾಹ್ನ. ಸೂಟ್‌ಕೇಸುಗಳನ್ನು ಅಲ್ಲೇ ಲಗೇಜ್ ರೂಮಿಗೆ ಹಾಕಿ ಹೊರಗೆ ಬಂದರೆ, ಎದುರಿಗೇ ಗ್ರ್ಯಾಂಡ್ ಕೆನಾಲ್. ಆಚೆ ದಡದಲ್ಲಿ ಹಸಿರು ಗುಮ್ಮಟದ ಚರ್ಚು. "ಅಬ್ಬಾ" ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕುತ್ತಿಗೆಗೆ ಐಡಿ ಕಾರ್ಡು ನೇತುಹಾಕಿಕೊಂಡ ಹುಡುಗಿಯೊಬ್ಬಳು ನಗುತ್ತಾ ಅಡ್ಡ ಬಂದು ಕ್ಯೂಆರ್ ಕೋಡ್ ಕೇಳಿದಳು.

ವಿಷಯ ಇಷ್ಟೇ. ವೆನಿಸ್‌ಗೆ ಜನ ಜಾಸ್ತಿಯಾಗಿದ್ದಾರೆ. ಊರು ನೋಡಿ ಸಂಜೆಗೆ ವಾಪಸ್ ಹೋಗುವವರನ್ನು ಕಡಿಮೆ ಮಾಡಬೇಕು ಅಂತ 2024ರಲ್ಲಿ ಊರಿಗೇ ಟಿಕೆಟ್ ಇಟ್ಟರು. ಟಿಕೆಟ್ ಇದ್ದದ್ದು ಮೊದಲ ವರ್ಷ 29 ದಿನ, ಮರುವರ್ಷ 54 ದಿನ. ನಾವು ಹೋದ ವರ್ಷ ನಾಲ್ಕು ದಿನ ಮೊದಲೇ ಕಟ್ಟಿದರೆ 5 ಯುರೋ, ತಡವಾದರೆ 10. ಬರಬೇಡಿ ಅನ್ನೋದಕ್ಕೂ ಅಡ್ವಾನ್ಸ್ ಬುಕಿಂಗ್ ರಿಯಾಯಿತಿ.

ನಾವು ಮೂರು ರಾತ್ರಿ ಅಲ್ಲೇ ಉಳಿಯುವವರು. ರಾತ್ರಿ ಉಳಿಯುವವರು ಕಟ್ಟಬೇಕಿಲ್ಲ. ಆದರೆ ಕಟ್ಟಬೇಕಿಲ್ಲ ಅನ್ನೋದನ್ನು ಮೊದಲೇ ವೆಬ್‌ಸೈಟಿನಲ್ಲಿ ನೋಂದಾಯಿಸಿ, ಅದಕ್ಕೊಂದು ಕೋಡ್ ಪಡೆದು, ಅದನ್ನು ಕೈಯಲ್ಲಿ ಹಿಡಿದೇ ಬರಬೇಕು. ಅಂದರೆ ಕೊಡಬೇಕಿಲ್ಲದ ದುಡ್ಡನ್ನು ಕೊಟ್ಟಿಲ್ಲ ಅನ್ನೋದಕ್ಕೆ ರಸೀದಿ! ಯಾವ ಮಹಾನುಭಾವನಿಗೆ ಹೊಳೆಯಿತೋ, ಅವನ ಕಾಲಿಗೆ ಬೀಳಬೇಕು. ಇಲ್ಲಿ ವಾಸವಾಗಿರುವವರ ಬಂಧುಗಳಿಗೂ ವಿನಾಯಿತಿ ಇದೆಯಂತೆ, ಮೂರನೇ ಹಂತದ ನೆಂಟಸ್ತಿಕೆಯವರೆಗೆ. ಅಂದರೆ ಚಿಕ್ಕಪ್ಪ, ಸೋದರಮಾವ ಲೆಕ್ಕಕ್ಕೆ ಬರುತ್ತಾರೆ. "ರೀ, ನಿಮಗಿಲ್ಲಿ ಯಾರೂ ಸೋದರಮಾವ ಇಲ್ವಾ?" ಅಂದಳು ಇವಳು.

ಫೋನು ತೆಗೆದೆ. ಕೋಡ್ ಇಮೇಲಿನಲ್ಲಿತ್ತು. ಇಮೇಲಿಗೆ ಇಂಟರ್ನೆಟ್ ಬೇಕಿತ್ತು. ಹೊಸ ಸಿಮ್ಮು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಫೋನನ್ನು ಆಕಾಶಕ್ಕೆ ಎತ್ತಿ ಎರಡು ಸುತ್ತು ತಿರುಗಿದೆ. ಪಕ್ಕದಲ್ಲಿದ್ದವರು ನಾನು ಚರ್ಚಿನ ಫೋಟೋ ತೆಗೆಯುತ್ತಿದ್ದೇನೆ ಅಂದುಕೊಂಡು ಬಗ್ಗಿ ಜಾಗ ಬಿಟ್ಟರು. ಇವಳು ಬ್ಯಾಗಿನಿಂದ ನಾಲ್ಕಾಗಿ ಮಡಿಚಿದ ಪ್ರಿಂಟ್ ತೆಗೆದು ಆ ಹುಡುಗಿಯ ಕೈಗಿಟ್ಟಳು. ಪೀ ಅಂತ ಸದ್ದಾಯಿತು. ನಾವು ಏನೂ ಕೊಡಬೇಕಿಲ್ಲ ಅಂತ ಅಧಿಕೃತವಾಗಿ ತೀರ್ಮಾನವಾಯಿತು.

ಟಿಕೆಟ್ಟಿನಿಂದ ಜನ ಕಡಿಮೆಯಾದರಾ? ಮೊದಲ ವರ್ಷ 7 ಲಕ್ಷ ಯುರೋ ಬರಬಹುದು ಅಂತ ಅಂದಾಜು ಮಾಡಿದ್ದರು. ಬಂದಿದ್ದು ಸುಮಾರು 24 ಲಕ್ಷ. ದಿನದ ಪ್ರವಾಸಿಗರನ್ನು ತಡೆಯುವ ಯೋಜನೆಗೆ, ಅವರು ಅಂದಾಜಿಗಿಂತ ಜಾಸ್ತಿ ಬಂದು ಕಟ್ಟಿದ್ದರಿಂದಲೇ ಅಷ್ಟು ದುಡ್ಡು ಬಂತು. ಹಳೇ ಊರಿನಲ್ಲಿ ಮನೆ ಮಾಡಿಕೊಂಡಿರುವವರ ಸಂಖ್ಯೆ ಮಾತ್ರ 2022ರಲ್ಲೇ 50 ಸಾವಿರಕ್ಕಿಂತ ಕೆಳಗಿಳಿದಿದೆ. ಅವರನ್ನು ಉಳಿಸಿಕೊಳ್ಳುವ ಕೋಡ್ ಇನ್ನೂ ಬಂದಿಲ್ಲ.

ಸೇತುವೆ ಹತ್ತಿ, ಇಳಿದು, ಮತ್ತೆ ಹತ್ತಿ ಸಾನ್ ಮಾರ್ಕೊ ಚೌಕ ಸೇರುವಷ್ಟರಲ್ಲಿ ಮಂಡಿ ಕೂಗುತ್ತಿತ್ತು. ಮೆಟ್ಟಿಲ ಮೇಲೆ ಕುಕ್ಕರಿಸಿ ಬಿಸ್ಕೆಟ್ ಪೊಟ್ಟಣ ಬಿಚ್ಚಿದೆವು. ಯಾರೋ ಬಂದು ಏಳಿ ಅಂತ ಕೈ ಸನ್ನೆ ಮಾಡಿದರು. ಇಲ್ಲಿ ನೆಲದ ಮೇಲೆ ಕೂತು ತಿಂದರೆ ದಂಡ. ಎದ್ದು ನಿಂತೆವು. ಪಾರಿವಾಳಗಳು ಬಿಸ್ಕೆಟ್ಟನ್ನೇ ನೋಡುತ್ತಿದ್ದವು. ಅವಕ್ಕೆ ಹಾಕುವುದೂ 2008ರಿಂದ ನಿಷೇಧ. ಕೂರಬೇಕು ಅಂದರೆ ಕೆಫೆಯ ಕುರ್ಚಿ. ಅಲ್ಲಿ ಕಾಫಿಗೆ ಒಂದು ರೇಟು, ಪಿಟೀಲು ನುಡಿಸುತ್ತಿದ್ದರೆ ಸಂಗೀತಕ್ಕೆ ಬೇರೆ. "ಕಿವಿ ಮುಚ್ಕೊಂಡು ಕುಡಿದ್ರೆ?" ಅಂತ ಇವಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಕೊನೆಗೆ ಒಂದು ಗಲ್ಲಿಯ ಕೌಂಟರಿನಲ್ಲಿ ನಿಂತೇ ಕುಡಿದೆವು. ಕಾಫಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಸೂಟ್‌ಕೇಸ್ ತರಲು ಮತ್ತೆ ಸ್ಟೇಷನ್ನಿಗೆ ಬಂದಾಗ ನಾಲ್ಕು ದಾಟಿತ್ತು. ಬೆಳಗ್ಗೆ ಕೋಡ್ ಕೇಳಿದ ಹುಡುಗಿ ಇಲ್ಲ, ಸಾಲೂ ಇಲ್ಲ. ಟಿಕೆಟ್ಟಿನ ಸಮಯ ಬೆಳಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ಮಾತ್ರ. ಆಗಷ್ಟೇ ಬಂದ ರೈಲಿನಿಂದ ಜನ ಬಿಟ್ಟಿಯಾಗಿ, ಐಸ್‌ಕ್ರೀಂ ಚೀಪುತ್ತಾ ಊರೊಳಗೆ ಹರಿಯುತ್ತಿದ್ದರು.

ಹೋಟೆಲಿನ ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೊಟ್ಟೆವು. ಅಲ್ಲಿದ್ದವರು ಕ್ಯಾಲ್ಕುಲೇಟರ್ ಒತ್ತಿ ನಮ್ಮ ಕಡೆ ತಿರುಗಿಸಿದರು. ಊರಿನ ಪ್ರವಾಸಿ ತೆರಿಗೆಯಂತೆ. ತಲೆಗಿಷ್ಟು, ರಾತ್ರಿಗಿಷ್ಟು, ರೂಮಿನ ಬಾಡಿಗೆ ಬಿಟ್ಟು ಬೇರೆ. ಇದನ್ನು ಕಟ್ಟುತ್ತೀರಲ್ಲ, ಅದಕ್ಕೇ ನಿಮಗೆ ಆ ಟಿಕೆಟ್ಟಿನಿಂದ ವಿನಾಯಿತಿ ಅಂದರು.

ಇವಳು ನಾಲ್ಕಾಗಿ ಮಡಿಚಿದ ಪ್ರಿಂಟನ್ನು ಮತ್ತೆ ಬಿಚ್ಚಿ, ಒಮ್ಮೆ ಅದನ್ನು, ಒಮ್ಮೆ ಕ್ಯಾಲ್ಕುಲೇಟರನ್ನು ನೋಡಿದಳು.

"ರೀ, ಈ ವಿನಾಯಿತಿ ಬೇಡ ಅನ್ನೋಕೆ ಎಲ್ಲಿ ನೋಂದಾಯಿಸಬೇಕು, ಕೇಳಿ."